ಒಂದು ಮಾತಿಗೆ ಇಡೀ ರಾತ್ರಿ ನಿದ್ದೆ ಇಲ್ಲ: ಬುದ್ಧ ಹೇಳಿದ ದುಃಖ ಅಂದರೆ ಇದೇನಾ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಎಲ್ಲರೆದುರು ಒಂದು ಮಾತು ಅಂದರು. "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಬೇಕಾ?" ಅಷ್ಟೇ. ಆಮೇಲೆ ಮುಂದಿನ ವಿಷಯಕ್ಕೆ ಹೋದರು. ಉಳಿದವರು ಅದನ್ನು ಮರೆತೂ ಇರುತ್ತಾರೆ. ನನಗೆ ಮಾತ್ರ ಇನ್ನೂ ಮುಗಿದಿಲ್ಲ. ಮಲಗಿದರೆ ಅದೇ ಮಾತು, ಅದೇ ದನಿ. ಆಗ ಬಾಯಿಗೆ ಬಾರದ ಉತ್ತರಗಳೆಲ್ಲ ಈಗ ಒಂದರ ಹಿಂದೆ ಒಂದು ಬರುತ್ತವೆ. ಸಾಕಪ್ಪಾ ಅಂತ ಫೋನ್ ತೆಗೆದರೆ, ಹಳೇ ಸಹೋದ್ಯೋಗಿಯೊಬ್ಬರಿಗೆ ಬಡ್ತಿ ಸಿಕ್ಕ ಪೋಸ್ಟ್. ಅದಕ್ಕೊಂದು ಲೈಕ್ ಒತ್ತಿ ಮತ್ತೆ ಒದ್ದಾಟ.

ಮನೆಯಲ್ಲಿ ಹೇಳಿಕೊಂಡರೆ "ಆಸೆಯೇ ದುಃಖಕ್ಕೆ ಮೂಲ, ಬುದ್ಧನೇ ಹೇಳಿಲ್ವಾ" ಅಂದರು. ಹಾಗಾದರೆ ಬಡ್ತಿಯ ಆಸೆ ಬಿಡಬೇಕಾ? ಕೆಲಸ ಚೆನ್ನಾಗಿ ಮಾಡಬೇಕು ಅನ್ನುವ ಆಸೆಯನ್ನೂ ಬಿಡಬೇಕಾ? ಸಾಲ, ಸಂಸಾರ ಎರಡೂ ಇರುವವನಿಗೆ ಈ ಉಪದೇಶದಿಂದ ಏನಾದರೂ ಪ್ರಯೋಜನ ಇದೆಯಾ? ದಯವಿಟ್ಟು ಪ್ರವಚನ ಬೇಡ. ಬಳಸಿ ನೋಡಿದವರು ಹೇಳಿ.

ಹಳೇಮೇಷ್ಟ್ರು

ಪ್ರವಚನ ಬೇಡ ಅಂದಿದ್ದೀರಿ. ಪಾಠ ಮಾಡಿ ಮಾಡಿ ಸವೆದ ನಾಲಿಗೆ ನನ್ನದು. ಆದರೂ ಪ್ರಯತ್ನಿಸುತ್ತೇನೆ.

ಸಂಯುತ್ತ ನಿಕಾಯದಲ್ಲಿ ಬಾಣದ ಸುತ್ತ ಅಂತ ಒಂದಿದೆ (ನಿಕಾಯ ಅಂದರೆ ಬುದ್ಧನ ಉಪದೇಶಗಳ ಹಳೆಯ ಸಂಗ್ರಹ, ಸುತ್ತ ಅಂದರೆ ಅದರಲ್ಲಿನ ಒಂದು ಉಪದೇಶ). ನೋವು ತಿಳಿದವನಿಗೂ ಬರುತ್ತದೆ, ತಿಳಿಯದವನಿಗೂ ಬರುತ್ತದೆ. ಹಾಗಾದರೆ ಇಬ್ಬರಿಗೂ ಏನು ವ್ಯತ್ಯಾಸ ಅಂತ ಬುದ್ಧ ಭಿಕ್ಷುಗಳನ್ನೇ ಕೇಳುತ್ತಾನೆ. ಆಮೇಲೆ ಉತ್ತರವನ್ನೂ ತಾನೇ ಹೇಳುತ್ತಾನೆ. ತಿಳಿದವನಿಗೆ ಒಂದು ಬಾಣ ತಾಗುತ್ತದೆ. ತಿಳಿಯದವನಿಗೆ ಅದರ ಬೆನ್ನಿಗೇ ಇನ್ನೊಂದು. ಮೊದಲನೆಯದು ಮೈಯ ನೋವು. ಎರಡನೆಯದು ಆ ನೋವಿಗೆ ಕೊರಗಿ, ಗೋಳಾಡಿ, ಎದೆ ಬಡಿದುಕೊಂಡು ಮನಸ್ಸಿಗೆ ಮಾಡಿಕೊಳ್ಳುವ ನೋವು. ಮಾತಿನ ಪೆಟ್ಟನ್ನೂ ಮೊದಲ ಬಾಣಕ್ಕೆ ಸೇರಿಸುವುದು ನನ್ನ ಓದು. ಸುತ್ತದಲ್ಲಿರುವುದು ಮೈಯ ನೋವು ಮಾತ್ರ.

ಸಾಮಾನ್ಯವಾಗಿ ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಅದರ ಮುಂದಿನ ಮಾತು. ನೋವು ತಾಗಿದಾಗ ತಿಳಿಯದವನು ಸುಖದ ಕಡೆಗೆ ಓಡುತ್ತಾನೆ, ಯಾಕೆಂದರೆ ನೋವಿನಿಂದ ಹೊರಗೆ ಬರಲು ಅವನಿಗೆ ಬೇರೆ ದಾರಿ ಗೊತ್ತಿಲ್ಲ, ಅಂತ ಅಲ್ಲಿದೆ. ರಾತ್ರಿ ಹೊತ್ತು ನೀವು ಫೋನ್ ತೆಗೆದಿರಲ್ಲ, ಅದೇ ಇದು. ನೋವು ಮರೆಯಲು ಹೋದಿರಿ, ಅಲ್ಲಿ ಇನ್ನೊಬ್ಬರ ಬಡ್ತಿ ಕಾದು ಕೂತಿತ್ತು.

ಒಂದು ಕೆಲಸ ಮಾಡಿ ನೋಡಿ. ಮ್ಯಾನೇಜರ್ ಬಾಯಿಂದ ಬಂದದ್ದು ಎಷ್ಟೋ ಅಷ್ಟನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. ಅದು ಒಂದೇ ಸಾಲು. ಅದರ ಕೆಳಗೆ ನೀವು ಸೇರಿಸಿದ್ದನ್ನು ಬರೆಯಿರಿ. "ನನ್ನ ಮೇಲೆ ಅವರಿಗೆ ಮರ್ಯಾದೆ ಇಲ್ಲ", "ಎಲ್ಲರೂ ಒಳಗೊಳಗೇ ನಕ್ಕಿರುತ್ತಾರೆ", "ಈ ವರ್ಷದ ಬಡ್ತಿ ಹೋಯಿತು". ಇವು ಸುಳ್ಳು ಅಂತ ನಾನು ಹೇಳುತ್ತಿಲ್ಲ, ನಿಜವೂ ಇರಬಹುದು. ಆದರೆ ಅವರು ಆಡಿದ ಮಾತಲ್ಲ.

ಪ್ರಶ್ನಾರ್ಥಕ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಇದು ಮ್ಯಾನೇಜರ್‌ಗಳಿಗೆ ಬಹಳ ಅನುಕೂಲದ ಬೋಧನೆ ಅಲ್ವಾ? ಮೂರು ಜನರ ಕೆಲಸವನ್ನು ಒಬ್ಬನ ಮೇಲೆ ಹೇರುತ್ತಾರೆ. ಅವನು ಕುಸಿದರೆ ಇನ್ನಿಬ್ಬರನ್ನು ತೆಗೆದುಕೊಳ್ಳುವುದು ಬಿಟ್ಟು, ಮಧ್ಯಾಹ್ನ ಒಂದು ಗಂಟೆ ಧ್ಯಾನದ ಕ್ಲಾಸ್ ಇಡುತ್ತಾರೆ. ಎರಡನೇ ಬಾಣ ನೀನೇ ಹೊಡೆದುಕೊಂಡದ್ದು ಅಂತ ಪಾಠ. ಮೊದಲ ಬಾಣ ಬಿಟ್ಟವನನ್ನು ಯಾರೂ ಕೇಳುವುದಿಲ್ಲ.

ಅಂಬೇಡ್ಕರ್ ಕೂಡ ಇದೇ ಜಾಗದಲ್ಲಿ ತಕರಾರು ತೆಗೆದವರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಅವನ ಧಮ್ಮ'ದ ಮುನ್ನುಡಿ ಓದಿ. ಹುಟ್ಟು ದುಃಖ, ಮುಪ್ಪು ದುಃಖ, ಸಾವು ದುಃಖ ಅಂತ ಶುರುವಾಗುವ ನಾಲ್ಕು ಆರ್ಯಸತ್ಯಗಳು (ದುಃಖ, ಅದರ ಕಾರಣ, ಅದು ನಿಲ್ಲುವುದು, ನಿಲ್ಲಿಸುವ ದಾರಿ) ಬುದ್ಧನ ಮೂಲ ಬೋಧನೆಯೋ, ಆಮೇಲೆ ಭಿಕ್ಷುಗಳು ಸೇರಿಸಿದ್ದೋ ಅಂತ ನೇರವಾಗಿ ಕೇಳಿದ್ದಾರೆ. ಎಲ್ಲವೂ ದುಃಖ ಅಂದುಬಿಟ್ಟರೆ ಮನುಷ್ಯನಿಗೆ ಭರವಸೆ ಎಲ್ಲಿ ಉಳಿಯುತ್ತದೆ ಅನ್ನುವುದು ಅವರ ಪ್ರಶ್ನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಅವರ ಜೊತೆ ಬೌದ್ಧರಾದರು. ಆ ಜನ ಬಂದದ್ದು ಅವಮಾನವನ್ನು ಶಾಂತವಾಗಿ ಸಹಿಸುವ ವಿದ್ಯೆ ಕಲಿಯೋಕಲ್ಲ.

ಕರ್ಮಫಲ

ಎಲ್ಲ ಪೂರ್ವಜನ್ಮದ ಕರ್ಮ ಸರ್. ಮಾಡಿದ್ದು ಉಣ್ಣಲೇಬೇಕು. ಬುದ್ಧ ಹೇಳಿದ್ದೂ ಅದನ್ನೇ. ಸುಮ್ನೆ ಅನುಭವಿಸಿ ಕಳೆಯುವುದು ಒಳ್ಳೆಯದು.

ನರ್ಸ್‌ಅಕ್ಕ

ಕರ್ಮಫಲ ಅವರೇ, ಬುದ್ಧ ಹೇಳಿದ್ದು ಅದಲ್ಲ. ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಈ ಮಾತಿಗೆ ಸುಮ್ಮನಿರಲು ನನಗೆ ಆಗುವುದಿಲ್ಲ. ಮಗುವಿಗೆ ಕಾಯಿಲೆ ಬಂದು ದಿಕ್ಕು ತೋಚದೆ ಕೂತ ತಾಯಿಯ ಹತ್ತಿರ ಬಂದು, ನೋಡಲು ಬಂದ ನೆಂಟರು ಇದೇ ಮಾತು ಹೇಳಿ ಹೋಗುತ್ತಾರೆ. ಅವರು ಹೋದಮೇಲೆ ಆಕೆಯನ್ನು ಸಮಾಧಾನ ಮಾಡುವುದು ನಮ್ಮ ಪಾಲಿಗೆ ಬರುತ್ತದೆ.

ಸಂಯುತ್ತ ನಿಕಾಯದಲ್ಲೇ ಸೀವಕ ಅನ್ನುವ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳುತ್ತಾನೆ. ಮನುಷ್ಯ ಪಡುವ ಸುಖ, ದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಅಂತ ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಅಂತ. ಬುದ್ಧ ಎಂಟು ಕಾರಣ ಹೇಳುತ್ತಾನೆ. ಪಿತ್ತ, ಕಫ, ವಾತ, ಈ ಮೂರೂ ಸೇರಿ ಆಗುವ ಕೆಡುಕು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದೇ ಇರುವುದು, ಹೊರಗಿನಿಂದ ಬಿದ್ದ ಪೆಟ್ಟು, ಎಂಟನೆಯದಾಗಿ ಕರ್ಮ. ಎಲ್ಲವೂ ಕರ್ಮ ಅನ್ನುವವರು ಕಣ್ಣಾರೆ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ, ಅವರದು ತಪ್ಪು ಅಂತ ಸ್ಪಷ್ಟವಾಗಿ ಹೇಳುತ್ತಾನೆ.

ಪ್ರಶ್ನಾರ್ಥಕ ಅವರೂ ಇದನ್ನು ಗಮನಿಸಿ. ಹೊರಗಿನಿಂದ ಬಿದ್ದ ಪೆಟ್ಟು ಅಂತ ಅದಕ್ಕೊಂದು ಬೇರೆ ಜಾಗವೇ ಇದೆ. ಅದನ್ನು ಪೆಟ್ಟು ತಿಂದವನ ಲೆಕ್ಕಕ್ಕೆ ಬರೆದಿಲ್ಲ.

ಇನ್ನು ಎರಡನೇ ಬಾಣದ ವಿಷಯ. ನನಗೆ ಅದು ಪುಸ್ತಕದಲ್ಲಿ ಕಂಡದ್ದಕ್ಕಿಂತ ಜಾಸ್ತಿ ಇಂಜೆಕ್ಷನ್ ಕೊಡುವಾಗ ಕಂಡಿದೆ. ಸೂಜಿ ಇನ್ನೂ ಟ್ರೇನಲ್ಲೇ ಇರುತ್ತದೆ. ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿದ ತಣ್ಣಗೆ ತಾಗಿದ್ದೇ ತಡ, ಭುಜ ಮೇಲಕ್ಕೆ ಹೋಗುತ್ತದೆ, ತೋಳು ಬಿಗಿಯಾಗುತ್ತದೆ, ಉಸಿರು ಅಲ್ಲೇ ನಿಲ್ಲುತ್ತದೆ. ಬಿಗಿದ ಸ್ನಾಯುವಿಗೆ ಚುಚ್ಚಿದರೆ ನೋವು ಜಾಸ್ತಿ. ಕಾಲಿನ ಬೆರಳು ಆಡಿಸಿ, ಉಸಿರು ಬಿಡಿ ಅನ್ನುತ್ತೇವೆ. ತೋಳು ಸಡಿಲ ಆಗುತ್ತದೆ. ಚುಚ್ಚುವುದು ತಪ್ಪುವುದಿಲ್ಲ, ಸೂಜಿಯೂ ಸಣ್ಣದಾಗುವುದಿಲ್ಲ. ಆದರೂ ಎಷ್ಟೋ ಜನ "ಅಯ್ಯೋ, ಆಗೇ ಹೋಯ್ತಾ?" ಅನ್ನುತ್ತಾರೆ.

ವರ್ಷಗಟ್ಟಲೆ ನೋವಿರುವ ರೋಗಿಗಳಿಗೆ ಇದೇ ತತ್ವವನ್ನು ಚಿಕಿತ್ಸೆಯ ಜೊತೆ ಕಲಿಸುವ ಕ್ರಮ ಈಗ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಶುರು ಮಾಡಿದ ತರಬೇತಿಯಿಂದ ಅದು ಬೆಳೆದದ್ದು. ಚಿಕಿತ್ಸೆಯ ಜೊತೆ ಅಂದೆ, ಚಿಕಿತ್ಸೆಯ ಬದಲು ಅಂದಿಲ್ಲ. ಬುದ್ಧನಿಗೂ ಬೆನ್ನು ನೋಯುತ್ತಿತ್ತು. ಕಪಿಲವಸ್ತುವಿನಲ್ಲಿ ಶಾಕ್ಯರು ಕಟ್ಟಿಸಿದ ಹೊಸ ಸಭಾಭವನದಲ್ಲಿ ರಾತ್ರಿ ಬಹಳ ಹೊತ್ತು ಮಾತಾಡಿದ ಮೇಲೆ ಶಿಷ್ಯ ಆನಂದನಿಗೆ, "ಆನಂದ, ಮುಂದಿನದ್ದು ನೀನು ಹೇಳು, ನನ್ನ ಬೆನ್ನು ನೋಯುತ್ತಿದೆ, ಸ್ವಲ್ಪ ಮಲಗುತ್ತೇನೆ" ಅನ್ನುತ್ತಾನೆ. ಮಜ್ಝಿಮ ನಿಕಾಯದಲ್ಲಿದೆ. ಬುದ್ಧನೇ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ಮಲಗಿದ್ದಾನೆ, ನೀವು ಸಿಕ್ ಲೀವ್ ಹಾಕಲು ಯಾಕೆ ಅಷ್ಟು ಯೋಚಿಸುತ್ತೀರಿ?

ಕರ್ಮಫಲ

ಸೀವಕನ ವಿಷಯ ಗೊತ್ತಿರಲಿಲ್ಲ ಅಕ್ಕ. ಓದುತ್ತೇನೆ.

ಓದುಗಿತ್ತಿ

ಪ್ರಶ್ನಾರ್ಥಕ ಅವರ ಮಾತಿಗೆ ಉತ್ತರ ಕೊಡಲೇಬೇಕು. ಅವರ ಸಿಟ್ಟು ನ್ಯಾಯವಾದದ್ದು.

ಅಂಬೇಡ್ಕರ್ ಅದೇ ಪುಸ್ತಕದಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕಾರಣವನ್ನೂ ಬೇರೆ ಥರ ಹೇಳುತ್ತಾರೆ. ಮುದುಕ, ರೋಗಿ, ಹೆಣ ನೋಡಿ ಹೊರಟ ಅನ್ನುವ ಕಥೆ ಅವರಿಗೆ ಹಿಡಿಸಲಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿನವರೆಗೆ ಹೆಣವನ್ನೇ ನೋಡಿರಲಿಲ್ಲ ಅಂದರೆ ಯಾರು ನಂಬುತ್ತಾರೆ ಅಂತ ಕೇಳುತ್ತಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ ಎದ್ದಾಗ ಯುದ್ಧ ಬೇಡ ಅಂದದ್ದಕ್ಕೆ ಹೊರಗೆ ಹೋಗಬೇಕಾಯಿತು ಅಂತ ಅವರ ನಿರೂಪಣೆ. ಅಂದರೆ ದುಃಖ ಅಂದಾಗ ಅವರ ಕಣ್ಣಮುಂದೆ ಇದ್ದದ್ದು ಮನುಷ್ಯ ಮನುಷ್ಯನಿಗೆ ಕೊಡುವ ದುಃಖ.

ಆದರೆ ಹಳೆಯ ಸುತ್ತಗಳಲ್ಲೂ ಆ ದುಃಖ ಇಲ್ಲದೆ ಇಲ್ಲ. ದೀಘ ನಿಕಾಯದ ಕೂಟದಂತ ಸುತ್ತ ನೋಡಿ. ನಾಡಿನಲ್ಲಿ ಕಳ್ಳರ ಕಾಟ. ರಾಜನಿಗೆ ಯಜ್ಞ ಮಾಡುವ ಹುಮ್ಮಸ್ಸು. ಪುರೋಹಿತ ತಡೆದು ಹೇಳುತ್ತಾನೆ: ಕೊಂದು, ಕಟ್ಟಿಹಾಕಿ, ದಂಡ ಹಾಕಿದರೆ ಇದು ನಿಲ್ಲುವುದಿಲ್ಲ, ಉಳಿದವರು ಮತ್ತೆ ಕಾಟ ಕೊಡುತ್ತಾರೆ. ಬೇಸಾಯ ಮಾಡುವವರಿಗೆ ಬೀಜ, ದನಗಳಿಗೆ ಮೇವು ಕೊಡು. ವ್ಯಾಪಾರ ಮಾಡುವವರಿಗೆ ಬಂಡವಾಳ ಕೊಡು. ಕೆಲಸ ಮಾಡುವವರಿಗೆ ಊಟ, ಸಂಬಳ ಕೊಡು. ಗಮನಿಸಿ, ಕಳ್ಳರಿಗೆ ಧ್ಯಾನ ಕಲಿಸು ಅಂತ ಅಲ್ಲಿ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮೊದಲ ಬಾಣ ಕೀಳಬಹುದಾದ್ದಾದರೆ ಕೀಳಬೇಕು. ದೂರು ಕೊಡಬೇಕಾದಲ್ಲಿ ದೂರು, ಔಷಧಿ ಬೇಕಾದಲ್ಲಿ ಔಷಧಿ, ಕೆಲಸ ಬಿಡಬೇಕಾದಲ್ಲಿ ಬಿಡುವುದು. ಎರಡನೇ ಬಾಣದ ಮಾತು ಅದನ್ನು ತಡೆಯುವುದಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟವನು ಬರೆಯುವ ದೂರು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತಲ್ಲ. ಅದರಲ್ಲಿ ಹಳೇದೆಲ್ಲ ಬರುತ್ತದೆ, ಮುಖ್ಯವಾದದ್ದೇ ಬಿಟ್ಟುಹೋಗಿರುತ್ತದೆ.

ರಾತ್ರಿಪಾಳಿ

ಓದುಗಿತ್ತಿ ಅವರೇ, ನನ್ನ ಡ್ರಾಫ್ಟ್‌ಗಳನ್ನು ನೋಡಿಯೇ ಬರೆದ ಹಾಗಿದೆ!

ಮೇಷ್ಟ್ರು ಹೇಳಿದ ಹಾಗೆ ಹಾಳೆಯಲ್ಲಿ ಬರೆದೆ. ಆಗ ಒಂದು ಹೊಳೆಯಿತು. ಆ ಕೆಲಸ ತಡವಾದದ್ದು ಇನ್ನೊಂದು ತಂಡದವರು ಡೇಟಾ ತಡವಾಗಿ ಕೊಟ್ಟಿದ್ದಕ್ಕೆ. ಮ್ಯಾನೇಜರ್‌ಗೆ ಅದು ಗೊತ್ತೇ ಇಲ್ಲ. ಈಗ ಮೇಲ್ ಬರೆಯುತ್ತಿದ್ದೇನೆ: "ಡೇಟಾ ನಮಗೆ ಬಂದದ್ದು ಇಂಥ ದಿನ. ಅದರ ನಂತರ ಕೆಲಸ ಒಪ್ಪಿಕೊಂಡ ಸಮಯಕ್ಕೇ ಮುಗಿದಿದೆ. ಎಲ್ಲರೆದುರು ಹಾಗೆ ಹೇಳಿದ್ದು ನನಗೆ ಬೇಸರ ತಂದಿದೆ. ನಾಯಕತ್ವ ಅಂದರೆ ಮೊದಲು ಕೇಳಿ ತಿಳಿದುಕೊಳ್ಳುವುದು."

ಪ್ರಶ್ನಾರ್ಥಕ

ಕೊನೆಯ ವಾಕ್ಯ ತೆಗೆಯಿರಿ ಮಾರಾಯರೇ. ಅದು ಎರಡನೇ ಬಾಣ, ಅದೂ ವಾಪಸ್ ಹೊರಟದ್ದು.

ಓದುಗಿತ್ತಿ

ಹೌದು, ತೆಗೆಯಿರಿ. ಮೂರನೆಯದು ಇರಲಿ, ಅದು ಬೇಕು. ಅಭಯ ರಾಜಕುಮಾರನಿಗೆ ಬುದ್ಧ ಹೇಳುವ ಮಾತು ಇಲ್ಲಿಗೆ ಒಪ್ಪುತ್ತದೆ. ಮಾತು ನಿಜವಾಗಿದ್ದು, ಪ್ರಯೋಜನಕ್ಕೆ ಬರುವಂಥದ್ದಾಗಿದ್ದು, ಕೇಳುವವರಿಗೆ ಹಿತವಾಗಿಲ್ಲದಿದ್ದರೂ ಆಡಬಹುದು. ಆದರೆ ಹೊತ್ತು ನೋಡಿ ಆಡಬೇಕು. ನಿಜ ಅಲ್ಲದ್ದನ್ನು, ಪ್ರಯೋಜನ ಇಲ್ಲದ್ದನ್ನು ಆಡಲೇಬಾರದು, ಅದು ಎಷ್ಟು ಹಿತವಾಗಿದ್ದರೂ. ನಾಯಕತ್ವದ ವಾಕ್ಯ ನಿಜವಿರಬಹುದು, ಪ್ರಯೋಜನ ಏನೂ ಇಲ್ಲ.

ರಾತ್ರಿ ಕಳಿಸಬೇಡಿ. ಬೆಳಿಗ್ಗೆ ಕಳಿಸಿ.

ಹಳೇಮೇಷ್ಟ್ರು

ಬಡ್ತಿಯ ಆಸೆ ಬಿಡಬೇಕಾ ಅಂತ ಕೇಳಿದ್ದಿರಿ, ಅದು ಹಾಗೇ ಉಳಿದಿದೆ.

ಉಣ್ಣಾಭ ಅನ್ನುವ ಬ್ರಾಹ್ಮಣ ಕೋಸಂಬಿಯ ಘೋಸಿತಾರಾಮ ಅನ್ನುವ ವಿಹಾರಕ್ಕೆ ಬಂದು ಆನಂದನ ಜೊತೆ ವಾದಕ್ಕೆ ಕೂರುತ್ತಾನೆ. ನೀವು ಆಸೆ ಬಿಡಬೇಕು ಅನ್ನುತ್ತೀರಿ. ಆಸೆ ಬಿಡಬೇಕು ಅನ್ನುವುದೂ ಒಂದು ಆಸೆಯೇ. ಇದು ಮುಗಿಯುವುದು ಹೇಗೆ? ನಮ್ಮ ಕಾಲದ ಜಾಣರು ಕೇಳುವ ಪ್ರಶ್ನೆಯೇ. ಆನಂದ ತಿರುಗಿ ಕೇಳುತ್ತಾನೆ: ಈ ವಿಹಾರಕ್ಕೆ ಬರಬೇಕು ಅಂತ ನಿನಗೆ ಆಸೆ ಇತ್ತಲ್ವಾ? ಇತ್ತು. ಬಂದ ಮೇಲೆ? ಹೋಯಿತು. ಆಯಿತಲ್ಲ, ಇದೂ ಹಾಗೇ. ಉಣ್ಣಾಭ ಒಪ್ಪಿಕೊಳ್ಳುತ್ತಾನೆ.

ಅಂದರೆ ನಡೆಯಿಸಿ ತಲುಪಿಸಿ ತಾನೇ ತಣ್ಣಗಾಗುವ ಆಸೆ ಬೇರೆ, ತಲುಪಿದರೂ ತಣಿಯದ ಆಸೆ ಬೇರೆ. ಬುದ್ಧ ತೃಷ್ಣೆ ಅಂದದ್ದು ಎರಡನೆಯದಕ್ಕೆ. ಸಾರನಾಥದ ಮೊದಲ ಉಪದೇಶದಲ್ಲೇ ಅದರಲ್ಲಿ ಮೂರು ಬಗೆ ಹೇಳಿದ್ದಾನೆ. ಇಂದ್ರಿಯಸುಖ ಬೇಕು, ಹೀಗೆ ಆಗಬೇಕು, ಇದು ಇಲ್ಲದಂತಾಗಬೇಕು. ಕಚೇರಿಗಳಲ್ಲಿ ಓಡಾಡುವುದು ಹೆಚ್ಚಾಗಿ ನಡುವಿನದು. ಸಂಬಳ ಜಾಸ್ತಿ ಆದರೆ ಸಾಲ ಬೇಗ ತೀರುತ್ತದೆ ಅನ್ನುವುದು ಲೆಕ್ಕ. ಆ ಹುದ್ದೆ ಸಿಕ್ಕರೆ ಮಾತ್ರ ನಾನು ಮನುಷ್ಯ ಅನ್ನುವುದು ತೃಷ್ಣೆ. ಎರಡೂ ಒಂದೇ ಅರ್ಜಿಯಲ್ಲಿ ಇರುತ್ತವೆ, ಅದೇ ತೊಂದರೆ. ಬೇರೆ ಮಾಡುವ ಒಂದು ಉಪಾಯ: ಆ ಹುದ್ದೆ ಬೇರೆಯವರಿಗೆ ಸಿಕ್ಕಿತು ಅಂತ ಒಂದು ಕ್ಷಣ ಅಂದುಕೊಳ್ಳಿ. ಸಾಲ ತೀರಲು ತಡವಾಗುತ್ತದಲ್ಲ ಅಂತ ಚಿಂತೆ ಬಂತೋ, ಅವರ ಮುಖ ನೋಡಲಾರೆ ಅನ್ನಿಸಿತೋ?

ಇದೆಲ್ಲ ಸನ್ಯಾಸಿಗಳಿಗೆ ಅನ್ನುವವರಿಗೆ ದೀಘಜಾಣು ನೆನಪಾಗಬೇಕು. ಕೋಲಿಯರವನು, ಗೃಹಸ್ಥ. ಬುದ್ಧನ ಹತ್ತಿರ ಹೋಗಿ "ನಾವು ಮಕ್ಕಳು ತುಂಬಿದ ಹಾಸಿಗೆಯಲ್ಲಿ ಮಲಗುವವರು, ಗಂಧ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಮುಟ್ಟುವವರು, ನಮಗೆ ಬೇಕಾದ್ದು ಹೇಳಿ" ಅನ್ನುತ್ತಾನೆ. ಬುದ್ಧ ಬೈಯುವುದಿಲ್ಲ. ಮೈ ಬಗ್ಗಿಸಿ ದುಡಿ, ಗಳಿಸಿದ್ದನ್ನು ಕಾಪಾಡಿಕೋ, ಒಳ್ಳೆಯವರ ಜೊತೆ ಸೇರು, ವರಮಾನ ನೋಡಿ ಖರ್ಚು ಮಾಡು ಅನ್ನುತ್ತಾನೆ. ಆಮೇಲೆ ಶ್ರದ್ಧೆ, ಶೀಲ, ದಾನ, ಪ್ರಜ್ಞೆ. ಆದರೆ ಮೊದಲು ಇವು.

ಕಂತಿನವನು

ವರಮಾನ ನೋಡಿ ಖರ್ಚು ಅಂದಿರಿ ನೋಡಿ, ಅಲ್ಲಿಗೆ ನನ್ನ ಕಥೆ ಬಂತು. ಸಾಲದ ಬಗ್ಗೆ ಬುದ್ಧ ಏನಾದರೂ ಹೇಳಿದ್ದಾನಾ, ಅಥವಾ ಅದನ್ನೂ ಉಸಿರು ನೋಡುತ್ತಾ ತೀರಿಸಬೇಕಾ?

ಓದುಗಿತ್ತಿ

ಹೇಳಿದ್ದಾನೆ. ಅಂಗುತ್ತರ ನಿಕಾಯದಲ್ಲಿ ಇಣ ಸುತ್ತ ಇದೆ. ಅದರ ಕ್ರಮ ನೋಡಿದರೆ ನಿನ್ನೆ ಬರೆದ ಹಾಗಿದೆ. ಬಡತನ ದುಃಖ. ಬಡವ ಸಾಲ ಮಾಡುತ್ತಾನೆ, ಸಾಲ ದುಃಖ. ಬಡ್ಡಿ ಒಪ್ಪಿಕೊಳ್ಳುತ್ತಾನೆ, ಬಡ್ಡಿ ದುಃಖ. ಹೊತ್ತಿಗೆ ಕಟ್ಟದಿದ್ದರೆ ಬಂದು ಕೇಳುತ್ತಾರೆ, ಕೇಳಿಸಿಕೊಳ್ಳುವುದು ದುಃಖ. ಆಮೇಲೆ ಬೆನ್ನು ಹತ್ತುತ್ತಾರೆ, ಅದು ದುಃಖ. ಕಡೆಗೆ ಕಟ್ಟಿಹಾಕುತ್ತಾರೆ, ಅದೂ ದುಃಖ. ಎಲ್ಲಿಯೂ "ಇದು ನಿನ್ನ ಮನಸ್ಸಿನ ಕಲ್ಪನೆ" ಅಂದಿಲ್ಲ. ಮುಂದೆ ಇದನ್ನು ಶೀಲದ ಬಡತನಕ್ಕೆ ಉಪಮೆಯಾಗಿ ಬಳಸುತ್ತಾನೆ. ಆದರೆ ಸಾಲ ನಿಜವಾಗಿ ದುಃಖ ಅನ್ನುವುದನ್ನು ಒಪ್ಪಿದ ಮೇಲೆಯೇ ಆ ಉಪಮೆ ನಿಲ್ಲುವುದು. ಅನಾಥಪಿಂಡಿಕ ಅನ್ನುವ ವ್ಯಾಪಾರಿಗೆ ಗೃಹಸ್ಥನ ನಾಲ್ಕು ಸುಖ ಹೇಳುವಾಗ ಸಾಲ ಇಲ್ಲದಿರುವುದೂ ಒಂದು ಸುಖ ಅಂತ ಎಣಿಸುತ್ತಾನೆ.

ಕಂತಿನವನು

ಬೆನ್ನು ಹತ್ತುವ ಹಂತದಲ್ಲಿದ್ದೇನೆ. ಗೊತ್ತಿಲ್ಲದ ನಂಬರಿಂದ ಕರೆ ಬಂದರೆ ಹೊಟ್ಟೆ ಕಿವುಚುತ್ತದೆ. ಅದು ಕೊರಿಯರ್‌ನವನೇ ಆಗಿದ್ದರೂ.

ನರ್ಸ್‌ಅಕ್ಕ

ಕರೆ ಎತ್ತದೇ ಇದ್ದರೆ ಆ ಗಳಿಗೆ ಹಗುರ ಅನ್ನಿಸುತ್ತದೆ, ಮುಂದಿನ ಕರೆ ಇನ್ನೂ ಭಾರ ಆಗುತ್ತದೆ. ಇದು ಮೇಷ್ಟ್ರು ಹೇಳಿದ ಮೂರನೇ ಬಗೆ: ಇದು ಇಲ್ಲದಂತಾಗಲಿ. ಒಂದು ದಿನ ಕೂತು ಎಲ್ಲ ಸಾಲ, ಬಡ್ಡಿ, ಕಟ್ಟುವ ತಾರೀಖು ಒಂದೇ ಕಡೆ ಬರೆಯಿರಿ. ಹೊಟ್ಟೆ ಕಿವುಚುತ್ತದೆ, ಕಿವುಚಲಿ. ಹೊಟ್ಟೆ ಕಿವುಚುವಾಗಲೂ ಕೈ ಬರೆಯಬಲ್ಲದು. ಆಮೇಲೆ ನೀವೇ ಮೊದಲು ಫೋನ್ ಮಾಡಿ, ಕಂತು ಮರುಹೊಂದಿಸಲು ಕೇಳಿ. ಹೊಸ ಸಾಲ ಮಾಡಿ ಹಳೇದು ತೀರಿಸಬೇಡಿ.

ಓದುಗಿತ್ತಿ

ಕೊರಿಯರ್‌ನವನ ಕರೆಗೂ ಹೊಟ್ಟೆ ಕಿವುಚುತ್ತದೆ ಅಂದಿರಲ್ಲ, ಅದನ್ನು ಬಿಡಬಾರದು. ಇಡೀ ವಿಷಯದ ಕೀಲಿ ಅಲ್ಲಿದೆ.

ಪಟಿಚ್ಚಸಮುಪ್ಪಾದ ಅಂತ, ಒಂದರಿಂದ ಇನ್ನೊಂದು ಹುಟ್ಟುತ್ತಾ ದುಃಖದವರೆಗೆ ಹೋಗುವ ಹನ್ನೆರಡು ಕೊಂಡಿಗಳ ಸರಪಳಿ ಕೇಳಿರುತ್ತೀರಿ. ಹನ್ನೆರಡೂ ನನಗೆ ದಿನಬಳಕೆಗೆ ಬರುವುದಿಲ್ಲ. ನಡುವಿನ ನಾಲ್ಕು ಬರುತ್ತವೆ: ಸ್ಪರ್ಶ, ವೇದನೆ, ತೃಷ್ಣೆ, ಅಂಟಿಕೊಳ್ಳುವುದು. ವೇದನೆ ಅಂದರೆ ಇಲ್ಲಿ ಬರೀ ನೋವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು, ಅಷ್ಟೇ. ಫೋನ್ ಟಿಂಗ್ ಅಂತು. ಇದು ಸ್ಪರ್ಶ. ಎದೆಯಲ್ಲೋ ಹೊಟ್ಟೆಯಲ್ಲೋ ಒಂದು ಸಣ್ಣ ಎಳೆತ. ಇದು ವೇದನೆ. ನೋಡಬೇಕು ಅನ್ನಿಸುವುದು ತೃಷ್ಣೆ. ಅಷ್ಟರಲ್ಲಿ ಹೆಬ್ಬೆರಳು ಪರದೆ ಮೇಲೆ ಇರುತ್ತದೆ. ಎಷ್ಟು ಬೇಗ ಅಂದರೆ, ಯಾವಾಗ ಕೈಗೆ ತೆಗೆದುಕೊಂಡೆ ಅನ್ನುವುದೇ ಗೊತ್ತಾಗಿರುವುದಿಲ್ಲ.

ಬುದ್ಧನ ಪ್ರಕಾರ ಟಿಂಗ್ ನಿಲ್ಲಿಸಬೇಕಾಗಿಲ್ಲ, ಎಳೆತ ನಿಲ್ಲಿಸಲು ಆಗುವುದೂ ಇಲ್ಲ. ಎಳೆತ ಮತ್ತು ಬೇಕು ಅನ್ನುವುದರ ನಡುವೆ ಜಾಗ ಇದೆ. ನಾನು ಮಾಡುವುದು ಇಷ್ಟು: ಟಿಂಗ್ ಅಂದಾಗ ಹೆಬ್ಬೆರಳನ್ನು ಗಾಜಿನಿಂದ ಸ್ವಲ್ಪ ಮೇಲೆ ನಿಲ್ಲಿಸುತ್ತೇನೆ. ಆ ಎಳೆತ ಎಲ್ಲಿದೆ ಅಂತ ಮೈಯಲ್ಲಿ ಹುಡುಕುತ್ತೇನೆ. ನನಗೆ ಸಾಮಾನ್ಯವಾಗಿ ಗಂಟಲ ಕೆಳಗೆ ಸಿಗುತ್ತದೆ. ಅಹಿತ ಅಂತ ಒಂದು ಹೆಸರು ಕೊಡುತ್ತೇನೆ. ಒಂದು ಉಸಿರು. ಆಮೇಲೆ ಬೇಕಾದರೆ ನೋಡುತ್ತೇನೆ. ಬಹಳ ಸಲ ನೋಡಿಯೇ ನೋಡುತ್ತೇನೆ. ಬೋರಿಂಗ್ ಅಭ್ಯಾಸ, ಹೇಳಿಕೊಳ್ಳುವಂಥದ್ದೇನಿಲ್ಲ. ಆದರೆ ನೋಡುವ ಕೈ ಬೇರೆ ಆಗಿರುತ್ತದೆ.

ರಾತ್ರಿ ತಿರುಗುವ ಯೋಚನೆಗಳಿಗೆ ಮಜ್ಝಿಮ ನಿಕಾಯದ 20ನೇ ಸುತ್ತದಲ್ಲಿ ಐದು ಉಪಾಯ ಇದೆ. ಬೇರೆ ಒಳ್ಳೆಯ ಯೋಚನೆ ತಂದುಕೊಳ್ಳುವುದು, ಇದರಿಂದ ಆಗುವ ಕೇಡು ನೋಡುವುದು, ಗಮನ ಕೊಡದೇ ಇರುವುದು. ನಾಲ್ಕನೆಯದು ನನಗೆ ಇಷ್ಟ. ಜೋರಾಗಿ ನಡೆಯುವವನಿಗೆ "ಯಾಕೆ ಇಷ್ಟು ಜೋರು, ನಿಧಾನ ನಡೆಯಬಹುದಲ್ಲ" ಅನ್ನಿಸುತ್ತದೆ. ನಿಧಾನ ನಡೆಯುವಾಗ ನಿಲ್ಲಬಹುದಲ್ಲ, ನಿಂತಾಗ ಕೂರಬಹುದಲ್ಲ, ಕೂತಾಗ ಮಲಗಬಹುದಲ್ಲ. ಯೋಚನೆಯನ್ನೂ ಹಾಗೆ ಒಂದೊಂದು ಹಂತ ಇಳಿಸುವುದು. ಒಮ್ಮೆಲೇ ಬಾಯಿ ಮುಚ್ಚಿಸಲು ಹೋದರೆ ಅದು ಇನ್ನೂ ಕೂಗುತ್ತದೆ. ಐದನೆಯದು ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮನಸ್ಸನ್ನು ಅದುಮುವುದು. ಅದು ಕೊನೆಯ ಉಪಾಯ ಅನ್ನುವುದು ನೆನಪಿರಲಿ, ನಮ್ಮಲ್ಲಿ ಬಹಳ ಜನ ಅದರಿಂದಲೇ ಶುರು ಮಾಡುತ್ತೇವೆ.

ಸುಮ್ನೆ_ಓದುವವಳು

ಬಹಳ ದಿನದಿಂದ ಓದುತ್ತಿದ್ದೇನೆ, ಬರೆದಿರಲಿಲ್ಲ. ಅಮ್ಮ ಹೋದ ಮೇಲೆ ಎಲ್ಲರೂ ಇದೇ ಥರದ ಮಾತು ಹೇಳುತ್ತಾರೆ. ಹುಟ್ಟಿದ್ದು ಸಾಯಲೇಬೇಕು, ಅಂಟಿಕೊಂಡರೆ ದುಃಖ. ಈಗ ಇಲ್ಲಿ ಎರಡನೇ ಬಾಣ ಅಂತ ಓದಿದಾಗ, ಅತ್ತರೆ ಅದೂ ನನ್ನದೇ ತಪ್ಪು ಅನ್ನಿಸಿತು. ಕೆಲಸದ ಜಾಗದ ಬೈಗುಳಕ್ಕೆ ಇದು ಸರಿ ಇರಬಹುದು. ನನಗೆ ಅಳಬೇಡ ಅನ್ನುವ ಧರ್ಮ ಬೇಡ.

ಹಳೇಮೇಷ್ಟ್ರು

ತಂಗೀ, ಅಳಬೇಡ ಅಂತ ಯಾರೂ ಹೇಳುತ್ತಿಲ್ಲ.

ಬುದ್ಧ ಕುಸಿನಾರದಲ್ಲಿ ಕೊನೆಯ ಸಲ ಮಲಗಿದ್ದಾಗ ಆನಂದ ಅಲ್ಲಿರಲಿಲ್ಲ. ಎಲ್ಲಿ ಅಂತ ಕೇಳಿದರೆ, ವಿಹಾರದೊಳಗೆ ಬಾಗಿಲಿಗೆ ಒರಗಿ ಅಳುತ್ತಿದ್ದ. ನಾನು ಇನ್ನೂ ಕಲಿಯುವವನು, ನನ್ನ ಮೇಲೆ ಕರುಣೆ ಇಟ್ಟ ಗುರು ಹೋಗುತ್ತಿದ್ದಾನೆ ಅಂತ. ಇಷ್ಟು ವರ್ಷ ಎಲ್ಲ ಉಪದೇಶವನ್ನೂ ಕಿವಿಯಾರೆ ಕೇಳಿದವನು ಅವನು. ಬುದ್ಧ ಕರೆಸಿಕೊಂಡು, ಸಾಕು ಆನಂದ, ದುಃಖಿಸಬೇಡ, ಪ್ರಿಯವಾದದ್ದರಿಂದ ಅಗಲಲೇಬೇಕು ಅಂತ ನಾನು ಮೊದಲೇ ಹೇಳಿಲ್ವಾ ಅನ್ನುತ್ತಾನೆ. ನಿಮಗೆ ಎಲ್ಲರೂ ಹೇಳುವ ಮಾತೇ, ನಿಜ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ನೀನು ನನ್ನನ್ನು ಬಹಳ ಕಾಲ ಪ್ರೀತಿಯಿಂದ, ಮೈಯಿಂದ, ಮಾತಿನಿಂದ, ಮನಸ್ಸಿನಿಂದ ನೋಡಿಕೊಂಡೆ ಅಂತ ಎಲ್ಲರೆದುರು ಹೊಗಳುತ್ತಾನೆ. ನಿಮಗೆ ಬುದ್ಧಿ ಹೇಳಿದವರಲ್ಲಿ ಎಷ್ಟು ಜನ ಈ ಎರಡನೇ ಮಾತು ಹೇಳಿದರು?

ಹಿರಿಯ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನ ತೀರಿಕೊಂಡ ಮೇಲೆ ಒಂದು ದಿನ ಬುದ್ಧ ಭಿಕ್ಷುಗಳನ್ನೆಲ್ಲ ನೋಡಿ, ಈ ಸಭೆ ನನಗೆ ಖಾಲಿ ಅನ್ನಿಸುತ್ತಿದೆ ಅನ್ನುತ್ತಾನೆ. ತಥಾಗತನಿಗೆ, ಅಂದರೆ ಬುದ್ಧನಿಗೆ, ಶೋಕ ಇಲ್ಲ ಅಂತಲೂ ಅಲ್ಲೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಖಾಲಿಯನ್ನು ಖಾಲಿ ಅನ್ನಲು ಅವನು ಹಿಂಜರಿಯಲಿಲ್ಲ.

ನನ್ನ ತಿಳಿವಳಿಕೆಯಲ್ಲಿ ಅಮ್ಮ ಇಲ್ಲ ಅನ್ನುವುದು ಮೊದಲ ಬಾಣ, ಅದರ ಅಳುವೂ ಅದರದ್ದೇ. "ಇಷ್ಟು ದಿನವಾದರೂ ಅಳುತ್ತೇನಲ್ಲ", "ಆವತ್ತು ಇನ್ನೊಂದು ಡಾಕ್ಟರಿಗೆ ತೋರಿಸಿದ್ದರೆ" ಇಂಥವು ಎರಡನೆಯದು.

ಸುಮ್ನೆ_ಓದುವವಳು

ಇನ್ನೊಂದು ಡಾಕ್ಟರ್ ಅನ್ನುವುದು ಹೇಗೆ ಗೊತ್ತಾಯಿತು ಮೇಷ್ಟ್ರೇ? ದಿನಾ ಅದೇ.

ನರ್ಸ್‌ಅಕ್ಕ

ನನ್ನ ಅನುಭವದಲ್ಲಿ ಎಲ್ಲರಿಗೂ ಅದೇ ಬರುತ್ತದೆ ತಂಗಿ, ಚೆನ್ನಾಗಿ ನೋಡಿಕೊಂಡವರಿಗೇ ಜಾಸ್ತಿ. ಆಗ ಗೊತ್ತಿದ್ದದ್ದರ ಮೇಲೆ ಆಗಿನ ತೀರ್ಮಾನ. ಈಗ ಗೊತ್ತಿರುವುದನ್ನು ಹಿಂದಕ್ಕೆ ಕಳಿಸಲು ಆಗುವುದಿಲ್ಲ. ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ ಮಾತ್ರ ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ಮಾತಾಡಬೇಕು ಅನ್ನಿಸಿದರೆ ಇಲ್ಲೇ ಬರೆಯಿರಿ, ಅಮ್ಮನ ಬಗ್ಗೆ ಬರೆಯಿರಿ. ಧರ್ಮದ ಬಗ್ಗೆಯೇ ಬರೆಯಬೇಕು ಅಂತೇನಿಲ್ಲ.

ಪ್ರಶ್ನಾರ್ಥಕ

ಒಂದು ಮಾತು ಒಪ್ಪುತ್ತೇನೆ, ಒಂದನ್ನು ಇಲ್ಲ. ಬಾಣ ಬಿಟ್ಟವನನ್ನೂ ಕೇಳಬೇಕು ಅನ್ನುವುದಕ್ಕೆ ಸುತ್ತಗಳಲ್ಲಿ ಜಾಗ ಇದೆ ಅಂತ ಒಪ್ಪಿದೆ. ಆದರೆ ಆ ಜಾಗ ಚಿಕ್ಕದು. ಎಲ್ಲವನ್ನೂ ಒಳಗೆ ಹುಡುಕುವ ಪುಟಗಳು ನೂರು, ಹೊರಗೆ ಹುಡುಕುವವು ನಾಲ್ಕು. ಅಂಬೇಡ್ಕರ್ ಆ ನಾಲ್ಕನ್ನು ದೊಡ್ಡದು ಮಾಡಿ ಓದಿದರು. ನಾನೂ ಹಾಗೇ ಓದ್ತೀನಿ.

ಓದುಗಿತ್ತಿ

ಓದಿ. ಉಳಿದ ನೂರನ್ನೂ ರಾತ್ರಿ ಹೊತ್ತಿಗೆ ಇಟ್ಟುಕೊಂಡಿರಿ.

ಹೊಸಬ

ತಡವಾಗಿ ಬಂದೆ. ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋದರೆ ಇದೆಲ್ಲ ಬೇಗ ಸರಿಹೋಗುತ್ತದಾ? ನನಗೆ ತಲೆನೋವು, ಆತಂಕ ಎರಡೂ ಇವೆ. ಈ ಶಿಬಿರಗಳನ್ನು ಶುರು ಮಾಡಿದ ಗೋಯೆಂಕಾ ಅವರಿಗೂ ತಲೆನೋವು ಇತ್ತಂತೆ, ಅಲ್ವಾ?

ನರ್ಸ್‌ಅಕ್ಕ

ಇತ್ತು. ಬರ್ಮಾದಲ್ಲಿ ದೊಡ್ಡ ವ್ಯಾಪಾರಿಯಾಗಿದ್ದವರು, ಮೈಗ್ರೇನ್ ತಡೆಯಲಾರದೆ ಧ್ಯಾನ ಕಲಿಸುತ್ತಿದ್ದ ಸಯಾಜಿ ಊ ಬಾ ಖಿನ್ ಹತ್ತಿರ ಹೋದರು. ತಲೆನೋವು ವಾಸಿಯಾಗಲಿ ಅಂತ ಬರುವುದಾದರೆ ಬರಬೇಡ ಅಂದರಂತೆ ಗುರುಗಳು. 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು, 1976ರಲ್ಲಿ ಮಹಾರಾಷ್ಟ್ರದ ಇಗತಪುರಿಯಲ್ಲಿ ಧಮ್ಮಗಿರಿ ಅನ್ನುವ ಧ್ಯಾನಕೇಂದ್ರ ಶುರುವಾಯಿತು.

ಬೇಗ ಸರಿಹೋಗುತ್ತದೆ ಅಂತ ಹೋಗಬೇಡಿ. ಹತ್ತು ದಿನ ಮಾತಿಲ್ಲ, ಫೋನ್ ಇಲ್ಲ, ಪುಸ್ತಕ ಇಲ್ಲ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು. ಆತಂಕ ಜಾಸ್ತಿ ಇರುವವರಿಗೆ ಆ ಮೌನದಲ್ಲಿ ಅದು ಇನ್ನೂ ಏರಬಹುದು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ, ಮುಚ್ಚಿಡಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಶಿಬಿರಕ್ಕೋಸ್ಕರ ನಿಲ್ಲಿಸಬೇಡಿ, ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ತಲೆನೋವಿಗೆ ಕಣ್ಣು, ಬಿಪಿ ತೋರಿಸಿದ್ದೀರಾ?

ಹೊಸಬ

ಕಣ್ಣು ತೋರಿಸಿಲ್ಲ. ಕನ್ನಡಕ ಬದಲಾಯಿಸಿ ಬಹಳ ವರ್ಷವಾಯಿತು.

ನರ್ಸ್‌ಅಕ್ಕ

ಹಾಗಾದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ.